ಗೋಡೆ ಕೊಡಿ, ಕುಂಚ ಮಾಜಿ ಸೈನಿಕರ ಕೈಯಲ್ಲಿರಲಿ

ಮಾನ್ಯ ಶಾಸಕರಿಗೆ ನಮಸ್ಕಾರ.

ಮಾಜಿ ಸೈನಿಕರ ಗೌರವಕ್ಕೆಂದು ಸಾರ್ವಜನಿಕ ಗೋಡೆಯೊಂದರ ಮೇಲೆ ದೊಡ್ಡ ಚಿತ್ರ ಬರೆಸಲು ಹಣ ಕೊಡುತ್ತೀರಂತೆ. ತುಂಬಾ ಸಂತೋಷ. ಕೆಲಸ ಟೆಂಡರ್‌ಗೆ ಹೋಗುವ ಮೊದಲು ಒಂದು ಕೋರಿಕೆ ಇದೆ: ಅವರನ್ನೇ ಕೂರಿಸಿಕೊಂಡು ಈ ಚಿತ್ರ ಬರೆಸಿ.

ಸುಮ್ನೆ ಗುತ್ತಿಗೆದಾರರಿಗೆ ಬಿಟ್ಟರೆ ಏನು ಬರುತ್ತದೆ ಅಂತ ನಿಮಗೂ ಗೊತ್ತು. ಒಂದು ಟ್ಯಾಂಕ್, ಒಂದು ಬಾವುಟ, ಬಂದೂಕು ಹಿಡಿದ ಒಬ್ಬ ಸೈನಿಕ. ಕೆಳಗೆ ದಪ್ಪ ಅಕ್ಷರದಲ್ಲಿ ಹಣ ಕೊಟ್ಟವರ ಹೆಸರು. (ಚಿಕ್ಕದಾಗಿ ಬರೆದರೂ ಜನ ಓದುತ್ತಾರೆ ಬಿಡಿ.) ಸೇನೆಯಲ್ಲಿ ಅಡುಗೆ ಮಾಡಿದವರು, ಲಾರಿ ಓಡಿಸಿದವರು, ರಾತ್ರಿಯಿಡೀ ವೈರ್‌ಲೆಸ್ ಮುಂದೆ ಕೂತವರು, ಗಾಯಕ್ಕೆ ಪಟ್ಟಿ ಕಟ್ಟಿದ ನರ್ಸ್‌ಗಳು ಅಂಥ ಚಿತ್ರದಲ್ಲಿ ಇರುವುದೇ ಇಲ್ಲ.

ದೊಡ್ಡ ಸ್ಮಾರಕಗಳಲ್ಲೂ ಹೀಗಾಗಿದೆ. ವಿಯೆಟ್ನಾಂ ಯುದ್ಧದ ನೆನಪಿಗೆ ವಾಷಿಂಗ್ಟನ್‌ನಲ್ಲಿ 1982ರಲ್ಲಿ ಕಪ್ಪು ಗ್ರಾನೈಟ್ ಗೋಡೆ ಎದ್ದಿತು. ವಿನ್ಯಾಸ ಮಾಯಾ ಲಿನ್ ಅವರದು. ಸ್ಪರ್ಧೆ ಗೆದ್ದಾಗ ಅವರಿನ್ನೂ 21 ವರ್ಷದ ವಿದ್ಯಾರ್ಥಿನಿ. ಆ ಯುದ್ಧದಲ್ಲಿ ಮಡಿದ, ಕಾಣೆಯಾದ ಅಮೆರಿಕದ ಸೈನಿಕರ 58,000ಕ್ಕೂ ಜಾಸ್ತಿ ಹೆಸರುಗಳು ಅಲ್ಲಿವೆ, ಯಾವ ಹೆಸರಿನ ಜೊತೆಗೂ ದರ್ಜೆ ಇಲ್ಲ. ನನಗೆ ಅದೇ ಇಷ್ಟ. ಆದರೆ ಕೆಲವು ಮಾಜಿ ಸೈನಿಕರಿಗೆ ಆ ವಿನ್ಯಾಸ ಹಿಡಿಸಲಿಲ್ಲ, ಜಗಳವೇ ಆಯಿತು. ಸಮಾಧಾನಕ್ಕೆ 1984ರಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆ ಸೇರಿಸಿದರು. ಮೂವರೂ ಗಂಡಸರು! ಅದೇ ಯುದ್ಧದಲ್ಲಿ ದುಡಿದ ಹೆಣ್ಣುಮಕ್ಕಳ ಪ್ರತಿಮೆ ಅಲ್ಲಿಗೆ ಬರಲು 1993 ಆಯಿತು. ಯಾರ್ಯಾರು ಚಿತ್ರದಲ್ಲಿರಬೇಕು ಅಂತ ಮೊದಲೇ ಕೇಳಿಬಿಡುವುದು ಒಳ್ಳೆಯದಲ್ವಾ?

ವಯಸ್ಸಾದವರು ಅಟ್ಟಣಿಗೆ ಹತ್ತಿ ಬಣ್ಣ ಹಚ್ಚುತ್ತಾರಾ ಅಂತ ಅಧಿಕಾರಿಗಳು ಕೇಳಬಹುದು. ಹತ್ತಬೇಕಾಗಿಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಗೋಡೆಚಿತ್ರ ಬರೆಸುವ ಮ್ಯೂರಲ್ ಆರ್ಟ್ಸ್ ಸಂಸ್ಥೆಯವರು ಚಿತ್ರವನ್ನು ತುಂಡು ತುಂಡಾಗಿ ತೆಳುವಾದ ಬಟ್ಟೆಯ ಮೇಲೆ ಗುರುತು ಮಾಡಿ ಕೊಡುತ್ತಾರೆ. ಯಾವ ಜಾಗಕ್ಕೆ ಯಾವ ಬಣ್ಣ ಅಂತ ಸಂಖ್ಯೆ ಇರುತ್ತದೆ. ಮೇಜಿನ ಮುಂದೆ ಕೂತು ಯಾರು ಬೇಕಾದರೂ ತುಂಬಬಹುದು, ಗಾಲಿಕುರ್ಚಿಯಲ್ಲಿರುವವರು ಕೂಡ. ಆಮೇಲೆ ಆ ಬಟ್ಟೆಯನ್ನು ಗೋಡೆಗೆ ಅಂಟಿಸುತ್ತಾರೆ. ಅಮೆರಿಕದಲ್ಲೇ ಕಾಂಬ್ಯಾಟ್ ಪೇಪರ್ ಎಂಬ ಯೋಜನೆಯಲ್ಲಿ ಮಾಜಿ ಸೈನಿಕರು ತಮ್ಮ ಹಳೆಯ ಸಮವಸ್ತ್ರವನ್ನು ಕತ್ತರಿಸಿ, ಅರೆದು, ಕಾಗದ ಮಾಡಿ ಅದರ ಮೇಲೆ ಚಿತ್ರ ಮೂಡಿಸುತ್ತಾರೆ. ಬಾಯಿಬಿಟ್ಟು ಹೇಳಲಾಗದವರಿಗೂ ಕೈಗೊಂದು ಕೆಲಸ ಸಿಗುತ್ತದೆ.

ಎಲ್ಲರೂ ಬರುತ್ತಾರೆ ಅಂತಲ್ಲ. ಕೆಲವರಿಗೆ ಆ ದಿನಗಳ ನೆನಪೇ ಬೇಡ. ಅವರನ್ನು ಒತ್ತಾಯಿಸಬಾರದು, ಒಪ್ಪಿಗೆ ಇಲ್ಲದೆ ಯಾರ ಮುಖವನ್ನೂ ಬರೆಸಬಾರದು.

ಗೋಡೆಯಲ್ಲಿ ತೇವ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಿ. ತೇವದ ಗೋಡೆಯಲ್ಲಿ ಎಂಥ ಒಳ್ಳೆಯ ಬಣ್ಣವೂ ಉಬ್ಬಿ ಉದುರುತ್ತದೆ. ನಿರ್ವಹಣೆಗೆ ಅಂತ ಹಣದಲ್ಲಿ ಒಂದು ಪಾಲನ್ನು ಈಗಲೇ ಎತ್ತಿಡಿ.

ಟೆಂಡರ್ ಕರೆಯುವ ಮುಂಚೆ ಮಾಜಿ ಸೈನಿಕರು, ಅವರ ಮನೆಯವರು ಮತ್ತು ಕಲಾವಿದರ ಸಭೆ ಕರೆಯಿರಿ. ವೇದಿಕೆ, ಹಾರ, ಶಾಲು ಬೇಡ. ನೀವೂ ಅವರ ಜೊತೆ ಕೂತು ಕೇಳಿದರೆ ಸಾಕು. ದಿನಾಂಕ ತಿಳಿಸಿ, ಜನರನ್ನು ಸೇರಿಸುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ