ಅಳಿಯನಿಗೊಂದು ಕಾಗದ

ಕುಂಜಿಬೆಟ್ಟು, ಉಡುಪಿ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಕೈಸೇರಿತು. ಕನ್ನಡ ಮಾಧ್ಯಮದಲ್ಲಿ ಓದಿ, ವಾರಕ್ಕೆ ಒಂದೇ ಒಂದು ಕಂಪ್ಯೂಟರ್ ಪೀರಿಯಡ್ ಕಂಡವನು ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀಯ. ಧೈರ್ಯವಾಗಿ ತೆಗೆದುಕೋ.

ನಾನು ಹೈಸ್ಕೂಲಿನಲ್ಲಿದ್ದಾಗ ಕಂಪ್ಯೂಟರ್ ಕೋಣೆಯ ಬೀಗ ತೆಗೆಯುವುದೇ ಅಪರೂಪವಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಒಂದು ಯಂತ್ರದ ಮುಂದೆ ಆರು ಮಂದಿ. ನನ್ನ ಸರದಿ ಬರುವ ಮೊದಲೇ ಗಂಟೆ ಬಾರಿಸುತ್ತಿತ್ತು. ನನ್ನನ್ನು ಈ ಕಂಪ್ಯೂಟರ್ ಕೆಲಸಕ್ಕೆ ತಯಾರು ಮಾಡಿದವರು ನಮ್ಮ ಲೆಕ್ಕದ ಮಾಸ್ಟ್ರು. ಉತ್ತರ ತಪ್ಪಾದರೆ ಅವರು ತಿದ್ದಿ ಕೊಡುತ್ತಿರಲಿಲ್ಲ. "ಯಾವುದೋ ಒಂದು ಸಾಲು ತಪ್ಪಿದೆ, ಹುಡುಕಿಕೊಂಡು ಬಾ" ಎಂದು ಪುಸ್ತಕವನ್ನು ಹಿಂದಕ್ಕೆ ಕೊಡುತ್ತಿದ್ದರು. ಮೂರನೆಯ ಸಾಲಿನಲ್ಲಿ ಆವರಣ ಬಿಡಿಸುವಾಗ ಚಿಹ್ನೆ ಬದಲಿಸಲು ಮರೆತದ್ದು ಏಳನೆಯ ಸಾಲಿಗೆ ಬಂದಾಗ ಮಾತ್ರ ಅಸಂಗತವಾಗಿ ಕಾಣುತ್ತಿತ್ತು, ಆದ್ದರಿಂದ ಒಂದೊಂದೇ ಸಾಲು ಹಿಂದಕ್ಕೆ ಸರಿಯುತ್ತಾ ಬರಬೇಕಾಗುತ್ತಿತ್ತು. ಮುಂದೆ ಕಾಲೇಜಿನಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ, ಒಂದು ಸಾಲಿನ ಕೊನೆಗೆ ಸೆಮಿಕೋಲನ್ (;) ಹಾಕಲು ಮರೆತರೆ, ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್ ಎಷ್ಟೋ ಸಲ ತಪ್ಪು ಇದೆಯೆಂದು ಅದರ ಮುಂದಿನ ಸಾಲನ್ನು ಬೊಟ್ಟು ಮಾಡುತ್ತಿತ್ತು. ಚೆನ್ನಾಗಿ ಇಂಗ್ಲಿಷ್ ಬಲ್ಲ ಗೆಳೆಯರು ಆ ಸಾಲನ್ನೇ ದಿಟ್ಟಿಸಿ ಕೂತಿದ್ದಾಗ ನಾನು ಅಭ್ಯಾಸಬಲದಿಂದ ಮೇಲಿನ ಸಾಲಿಗೆ ಹೋಗುತ್ತಿದ್ದೆ.

ಇಂಗ್ಲಿಷಿನ ತೊಂದರೆ ಇಲ್ಲವೆಂದು ಸುಳ್ಳು ಹೇಳಲಾರೆ. ಮೊದಲ ಸೆಮಿಸ್ಟರಿನಲ್ಲಿ ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು, ತರಗತಿಯಲ್ಲಿ ಪ್ರಶ್ನೆ ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಆ ಸಂಕೋಚದಿಂದ ನಾನು ಕಳೆದುಕೊಂಡದ್ದು ಬಹಳ. ನೀನು ಹರಕು ಇಂಗ್ಲಿಷಿನಲ್ಲಾದರೂ ಕೇಳು.

ಆದರೆ ಕನ್ನಡ ಶಾಲೆಯಲ್ಲಿ ಕಲಿತದ್ದು ಈ ಕ್ಷೇತ್ರಕ್ಕೆ ಹೊರೆ ಎಂದು ಭಾವಿಸಬೇಡ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವನ್ನೇ ನೋಡು. ವ್ಯಂಜನದ ಕೀಲಿ ಒತ್ತಿ ಸ್ವರದ ಕೀಲಿ ಒತ್ತಿದರೆ ಗುಣಿತಾಕ್ಷರ ಮೂಡುತ್ತದೆ. ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿ ಒತ್ತಿದರೆ ಒತ್ತಕ್ಷರ ಬರುತ್ತದೆ. ನೀನು ಒಂದನೇ ತರಗತಿಯಲ್ಲಿ ರಾಗವಾಗಿ ಹೇಳಿದ ಕಾಗುಣಿತವೇ ಅಲ್ಲಿ ಯಂತ್ರದ ತರ್ಕವಾಗಿದೆ.

ದಸರಾ ರಜೆಯಲ್ಲಿ ಇಲ್ಲಿಗೆ ಬಾ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಟ್ಟಿದ್ದೇನೆ. ಬರುವಾಗ ನಿನ್ನ ಗಣಿತದ ನೋಟ್ಸ್ ತಾ, ತಪ್ಪಾದ ಲೆಕ್ಕಗಳನ್ನು ರಬ್ಬರಿನಿಂದ ಅಳಿಸದೆ ಹಾಗೆಯೇ ಇಟ್ಟಿರು. ಅವುಗಳಿಂದಲೇ ಶುರುಮಾಡೋಣ. ಅಮ್ಮನಿಗೂ ಅಜ್ಜಿಗೂ ಕೇಳಿದೆನೆಂದು ತಿಳಿಸು.

ಇತಿ,
ನಿನ್ನ ಸೋದರಮಾವ