ಹಣೆಪಟ್ಟಿ ಹಚ್ಚುವ ಮಾತುಗಳು: ಮಗಳಿಗೊಂದು ಪತ್ರ

ಗದಗ

ಪ್ರೀತಿಯ ಮಗಳೇ,

ಕ್ಲಾಸಿನ ಹುಡುಗರು ವಾಟ್ಸಾಪ್‌ನಲ್ಲಿ ಹುಡುಗಿಯರನ್ನು ‘ಸ್ಟೇಸಿ’ ಅಂತ ಕರೆದು ಆಡಿಕೊಳ್ಳುತ್ತಾರೆ, ಸಿಟ್ಟು ಬಂದು ಒಬ್ಬನಿಗೆ ‘ಇನ್ಸೆಲ್’ ಅಂದುಬಿಟ್ಟೆ ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ. ನಿನ್ನ ಸಿಟ್ಟು ಸರಿಯಾಗಿಯೇ ಇದೆ. ಆದರೆ ಆ ಮಾತುಗಳು ಎಲ್ಲಿಂದ ಬಂದವು ಅನ್ನುವುದು ನಿನಗೆ ಗೊತ್ತಿರಬೇಕು.

‘ಇನ್ಸೆಲ್’ ಅಂದರೆ ಇಂಗ್ಲಿಷಿನ ‘ಇನ್‌ವಾಲಂಟರಿ ಸೆಲಿಬೇಟ್’, ಬಯಸಿದರೂ ಸಂಗಾತಿ ಸಿಗದವರು ಅಂತ. ಅದು ಮೊದಲು ಬೈಗುಳ ಆಗಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಕೆನಡಾದ ಒಬ್ಬ ವಿದ್ಯಾರ್ಥಿನಿ, ಸಂಗಾತಿ ಸಿಗದೆ ನೊಂದವರು ಕಷ್ಟಸುಖ ಹೇಳಿಕೊಳ್ಳಲಿ ಅಂತ ಇಂಟರ್ನೆಟ್ಟಿನಲ್ಲಿ ಒಂದು ಜಾಗ ಮಾಡಿಕೊಟ್ಟಳು. ಅಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ವರ್ಷಗಳಾದ ಮೇಲೆ, ಹೆಣ್ಣಿನ ಮೇಲೆ ಹಗೆ ಸಾಧಿಸುವ ಗಂಡಸರು ಆ ಹೆಸರನ್ನು ತಮ್ಮದು ಮಾಡಿಕೊಂಡರು. ಅವರ ಮಾತಿನಲ್ಲಿ ಚೆಲುವ ಗಂಡಸರೆಲ್ಲ ‘ಚಾಡ್’, ಚೆಲುವೆಯರೆಲ್ಲ ‘ಸ್ಟೇಸಿ’. ಹೆಣ್ಣು ಅನ್ನಲೂ ಮನಸ್ಸಿಲ್ಲದೆ ‘ಫೀಮಾಯ್ಡ್’ ಅಂದರು, ಯಂತ್ರದ ಗೊಂಬೆ ಅನ್ನುವ ಹಾಗೆ. 2017ರಲ್ಲಿ ರೆಡ್ಡಿಟ್ ಅನ್ನುವ ಹರಟೆಯ ವೆಬ್‌ಸೈಟ್ ಇವರ ಒಂದು ದೊಡ್ಡ ಗುಂಪನ್ನು ಮುಚ್ಚಿತು. ಅವರು ಬೇರೆ ಕಡೆ ಹೋಗಿ ಸೇರಿದರು, ಮಾತುಗಳೂ ಜೊತೆಗೆ ಹೋದವು.

ಹೊರಗಿನವರಿಗೆ ಇಂಥ ಮಾತು ಬೇಗ ತಿಳಿಯುವುದಿಲ್ಲ. ಒಳಗಿನವನಿಗೆ ‘ನಾನೂ ಇವರಲ್ಲೊಬ್ಬ’ ಅನ್ನುವ ಹೆಮ್ಮೆ. ಯಾರೂ ಮಾತಾಡಿಸದ ಹುಡುಗನಿಗೆ ಅದು ದೊಡ್ಡದೇ ಅಲ್ವಾ? ನನಗೆ ಜಾಸ್ತಿ ಹೆದರಿಕೆ ಬೇರೆಯದು. ‘ಸ್ಟೇಸಿ’ ಅಂದಮೇಲೆ ಆ ಹುಡುಗಿಯ ಬಗ್ಗೆ ಇನ್ನೇನೂ ಕೇಳಬೇಕಿಲ್ಲ. ಅವಳು ನವಲಗುಂದದಿಂದ ದಿನಾ ಬಸ್ಸಿಗೆ ಬರುತ್ತಾಳೋ, ಮನೆಯಲ್ಲಿ ಅಪ್ಪನಿಗೆ ಹುಷಾರಿಲ್ಲವೋ, ಯಾರಿಗೆ ಬೇಕು? ಅವಳು ಸೊಕ್ಕಿನವಳು, ಹುಡುಗರನ್ನು ಆಡಿಸುವವಳು ಅಂತ ಮೊದಲೇ ತೀರ್ಮಾನ ಆಗಿಹೋಗಿರುತ್ತದೆ.

2018ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ ಒಬ್ಬ ನಡೆದು ಹೋಗುವವರ ಮೇಲೆ ವ್ಯಾನ್ ಹಾಯಿಸಿದ. ಅವತ್ತೇ 10 ಜನ ಸತ್ತರು, ಅವರಲ್ಲಿ 8 ಮಂದಿ ಹೆಂಗಸರು. ಅದಕ್ಕೆ ಮುಂಚೆ ಅವನು ಫೇಸ್‌ಬುಕ್ಕಿನಲ್ಲಿ ಹಾಕಿದ ಬರಹದಲ್ಲಿ ಇದೇ ‘ಚಾಡ್’, ‘ಸ್ಟೇಸಿ’ ಇದ್ದವು.

ನಿನ್ನ ಕ್ಲಾಸಿನವರು ಅಂಥವರು ಅಂತ ನಾನು ಹೇಳುತ್ತಿಲ್ಲ. ರೀಲ್ಸ್ ನೋಡಿ ಸುಮ್ನೆ ಕಲಿತಿರಬಹುದು. ಅದಕ್ಕೇ ತಿರುಗಿ ‘ಇನ್ಸೆಲ್’ ಅನ್ನಬೇಡ ಅಂತೀನಿ. ‘ನೋಡಿದೆಯಾ, ಹುಡುಗಿಯರಿಗೆ ನಾವು ಇಷ್ಟೇ’ ಅಂತ ಅವನ ಕಿವಿ ಊದಲು ಆ ಗುಂಪಿನವರಿಗೆ ಇನ್ನೇನು ಬೇಕು? ಹೆಸರು ಹಿಡಿದು ಕರೆದು ಎದುರಿಗೇ ಕೇಳು: ‘ಯಾರಿಗೆ ಅಂದೆ? ಅವಳು ನಿನಗೇನು ಮಾಡಿದಳು?’ ಒಬ್ಬಳೇ ಹೋಗಬೇಡ, ಗೆಳತಿಯರನ್ನು ಕರೆದುಕೊಂಡು ಹೋಗು.

ಬೆದರಿಕೆ ಹಾಕಿದರೆ, ಯಾರದಾದರೂ ಫೋಟೊ ಹಂಚಿದರೆ ಮಾತ್ರ ಮಾತುಕತೆ ಬೇಡ. ಸ್ಕ್ರೀನ್‌ಶಾಟ್ ಇಟ್ಟುಕೋ. ಕಾಲೇಜಿನಲ್ಲಿ ಬರೆದುಕೊಡು, ನನಗೂ ಫೋನ್ ಮಾಡು. ಧಾರವಾಡಕ್ಕೆ ಮೊದಲ ಬಸ್ಸಿಗೇ ಬರುತ್ತೇನೆ, ಇಬ್ಬರೂ ಪೊಲೀಸರ ಹತ್ತಿರ ಹೋಗೋಣ.

ನಿನ್ನ ಅವ್ವ