ಉಪ್ಪಿಲ್ಲದ ಸಾರಿನ ಸುವಾಸನೆ

ಕರ್ತನಿಗೆ ಸ್ತೋತ್ರ. ಅಕ್ಕನ ಕಿಡ್ನಿ ನನ್ನ ಹೊಟ್ಟೆ ಸೇರಿ ಈ ವಾರಕ್ಕೆ ಒಂದು ವರ್ಷ ತುಂಬಿತು. ಅಕ್ಕ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ರಿಪೋರ್ಟ್ ನೋಡಿ ಡಾಕ್ಟರು ಈಗ ಹುಬ್ಬು ಗಂಟಿಕ್ಕುವುದಿಲ್ಲ. ಕಳೆದ ಭಾನುವಾರ ಸ್ತೋತ್ರ ಕಾಣಿಕೆ ಕೊಡುವಾಗ ಸಭಾಪಾಲಕರು ಎರಡು ಮಾತು ಹೇಳಿ ಅಂದರು. ಎದ್ದು ನಿಂತೆ, ಗಂಟಲು ಕಟ್ಟಿತು, ಹಾಗೇ ಕೂತೆ. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ಮಾತಿಗಿಂತ ಸ್ವಲ್ಪ ಜಾಸ್ತಿಯೇ ಇದೆ.

ಮಂಗಳೂರಿನ ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಆರಾಧನೆ ಅಂದರೆ ಮೊದಲು ನೆನಪಾಗುವುದು ಹಾಡು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಇಲ್ಲಿ ಬಂದಿಳಿದರು. ಅವರು ಶುರು ಮಾಡಿದ ಹಂಚಿನ ಕಾರ್ಖಾನೆಗಳ ಕಾಲ ಹೆಚ್ಚುಕಡಿಮೆ ಮುಗಿಯಿತು. ನಾಲ್ಕು ಧ್ವನಿಯ ಹಾಡು ಮಾತ್ರ ಇನ್ನೂ ಗಟ್ಟಿಯಾಗಿದೆ. ನಾನು ಅದರಲ್ಲಿ ಎಲ್ಲಕ್ಕಿಂತ ಕೆಳಗಿನ ಧ್ವನಿ, ಬೇಸ್ ಹಾಡುವವನು. ಕಿಡ್ನಿ ಕೆಟ್ಟು, ಮೆಷಿನ್‌ನಲ್ಲಿ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಶುರುವಾದ ಮೇಲೆ ನಾನು ಕ್ವಾಯರಿನಲ್ಲಿ ಹಾಡುವುದು ನಿಂತಿತು. ಆಮೇಲೆ ಸಭೆಗೆ ಹೋಗುವುದೂ ಕಮ್ಮಿಯಾಯಿತು. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ, ಕೈಗೆ ಎರಡು ದಪ್ಪ ಸೂಜಿ. ಮನೆಗೆ ಬಂದರೆ ಮೈಯಲ್ಲಿ ಜೀವವೇ ಇಲ್ಲದ ಹಾಗೆ. ದಿನಕ್ಕೆ ಕುಡಿಯುವ ನೀರಿಗೂ ಅಳತೆ. ನಮ್ಮ ಊರಲ್ಲಿ ರೋಗಿಯನ್ನು ನೋಡಲು ಬರುವವರು ಏನು ತರುತ್ತಾರೆ ಹೇಳಿ? ಎಳನೀರು, ಬಾಳೆಹಣ್ಣು. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಟ್ಟವನಿಗೆ ಅದು ಹೃದಯವನ್ನೇ ನಿಲ್ಲಿಸಬಹುದು. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ಹೇಗೆ? ಪಕ್ಕದ ಮನೆ ಮಕ್ಕಳು ಮಾತ್ರ ಆ ಕಾಲದಲ್ಲಿ ಚೆನ್ನಾಗಿ ದುಂಡಗಾದರು.

ಇದನ್ನು ಮೊದಲು ಗಮನಿಸಿದ್ದು ಸ್ತ್ರೀಯರ ಸಂಘದವರು. ಡಯಟೀಷಿಯನ್ ಕೊಟ್ಟ ಚೀಟಿಯನ್ನು ನನ್ನ ಹೆಂಡತಿಯಿಂದ ಕೇಳಿ ತೆಗೆದುಕೊಂಡು ಹೋಗಿ ಜೆರಾಕ್ಸ್ ಮಾಡಿಸಿ ಹಂಚಿಕೊಂಡರು. ಪೊಟ್ಯಾಸಿಯಂ ಕಮ್ಮಿಯಾಗಲಿ ಅಂತ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ಮತ್ತೆ ಅಡುಗೆ ಮಾಡಬೇಕು. ರುಚಿಯೆಲ್ಲ ಆ ನೀರಿನ ಜೊತೆಗೇ ಹೋಗುತ್ತದೆ. ಮಂಗಳೂರಿನ ಹೆಂಗಸರಿಗೆ ಇಂಥ ಅಡುಗೆ ಮಾಡುವುದೆಂದರೆ ಅವಮಾನವೇ ಸರಿ. ಆದರೂ ಮಾಡಿದರು. ಡಯಾಲಿಸಿಸ್ ದಿನ ಸಂಜೆ ಟಿಫಿನ್ ಕ್ಯಾರಿಯರ್ ಬಾಗಿಲಿಗೆ ಬರುತ್ತಿತ್ತು. ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ ಒಂದೇ ಮಾತು: "ಉಪ್ಪಿಲ್ಲ." ಒಂದು ಸಲ ಅದರ ಕೆಳಗೆ ಯಾರೋ "ಕ್ಷಮಿಸಿ" ಅಂತ ಸಣ್ಣದಾಗಿ ಬರೆದಿದ್ದರು.

ಆ ದಿನಗಳಲ್ಲಿ ನಾನು ಬೈಬಲಿನಲ್ಲಿ ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರಿಕೆಯನ್ನು ಮತ್ತೆ ಮತ್ತೆ ಓದಿದೆ. ಓದುವುದಕ್ಕೆ ಚಿಕ್ಕದು, ಮೆಷಿನ್ ಪಕ್ಕ ಮಲಗಿದವನಿಗೆ ಅನುಕೂಲ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿ ಕೂತು. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಅವನಿಗೆ ಬೇಕಾದದ್ದನ್ನು ಕಳುಹಿಸಿದ್ದರು. ಪಾಪ, ತಂದವನೇ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ಕೊನೇ ಅಧ್ಯಾಯದಲ್ಲಿ ಪೌಲ ಥ್ಯಾಂಕ್ಸ್ ಹೇಳುತ್ತಾನೆ. ಅಲ್ಲಿ 18ನೇ ವಚನ ನೋಡಿ. ನೀವು ಕಳುಹಿಸಿದ್ದು ನನಗೆ ಮುಟ್ಟಿತು ಅಂತ ಹೇಳಿ ಸುಮ್ಮನಾಗುವುದಿಲ್ಲ. ಅದು ಸುವಾಸನೆ, ದೇವರು ಮೆಚ್ಚುವ ಯಜ್ಞ ಅನ್ನುತ್ತಾನೆ. ಹಳೇ ಒಡಂಬಡಿಕೆಯ ಯಾಜಕಕಾಂಡದಲ್ಲಿ ಯಜ್ಞವೇದಿಯ ಹೊಗೆಗೆ ಹೇಳಿದ ಮಾತು ಅದು. ಅದನ್ನು ತಂದು ಒಬ್ಬ ಕೈದಿಗೆ ಕಳುಹಿಸಿದ ಸಾಮಾನಿನ ಗಂಟಿಗೆ ಹಚ್ಚಿದ್ದಾನೆ! ಇದೇ ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ, ಸೀಲ ಇಬ್ಬರೂ ಕಾಲಿಗೆ ಕೋಳ ಹಾಕಿಸಿಕೊಂಡು ನಡುರಾತ್ರಿ ಹಾಡಿದವರು. ಹಾಡಿನ ಬೆಲೆ ಗೊತ್ತಿದ್ದವನೇ ಈ ಮಾತು ಬರೆದದ್ದು.

ಉಪ್ಪಿಲ್ಲದ ಸಾರಿಗೆ ಎಂಥ ಸುವಾಸನೆ ಅಂತ ನಗಬೇಡಿ. ಮುಚ್ಚಳ ತೆಗೆದಾಗ ಬೆಂದ ಸೋರೆಕಾಯಿಯ ಸಪ್ಪೆ ವಾಸನೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ನಿಜ. ಆದರೆ ಪೌಲನ ಲೆಕ್ಕ ಸರಿಯಾದರೆ ನೀವು ನಿಮ್ಮ ಅಡುಗೆಮನೆಯಲ್ಲಿ ಮಾಡುತ್ತಿದ್ದದ್ದು ಆರಾಧನೆ. ನಾನು ತಪ್ಪಿಸಿಕೊಂಡೆ ಅಂದುಕೊಂಡಿದ್ದ ಆರಾಧನೆ ವಾರಕ್ಕೆ ಮೂರು ಸಲ ನಮ್ಮ ಮನೆ ಬಾಗಿಲಿಗೇ ಬರುತ್ತಿತ್ತು.

ಅಕ್ಕನ ವಿಷಯ ಬರೆಯುವುದು ಕಷ್ಟ. ಅವಳಿಗೆ ಹೊಗಳಿದರೆ ಸಿಟ್ಟು ಬರುತ್ತದೆ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಒಡಹುಟ್ಟಿದವರೇ ಆದರೂ ಸುಮ್ನೆ ಕೊಡುವ ಹಾಗಿಲ್ಲ. ದಾಖಲೆ, ಪರೀಕ್ಷೆ, ಸಂದರ್ಶನ ಎಲ್ಲ ಆಗಬೇಕು. ಸಂದರ್ಶನದಲ್ಲಿ ಅಕ್ಕನನ್ನು, ನಿಮ್ಮನ್ನು ಯಾರಾದರೂ ಒತ್ತಾಯ ಮಾಡಿದರಾ ಅಂತ ಕೇಳಿದರಂತೆ. "ಒತ್ತಾಯನಾ? ಚಿಕ್ಕಂದಿನಲ್ಲಿ ಇವನಿಗೆ ಒತ್ತಾಯ ಮಾಡಿ ಊಟ ಹಾಕಿದವಳೇ ನಾನು" ಅಂದಳಂತೆ. ಅವಳ ಎಡಗಡೆಯ ಕಿಡ್ನಿ ತೆಗೆದರು. ಅದರ ರಕ್ತನಾಳ ಉದ್ದ, ಜೋಡಿಸುವುದಕ್ಕೆ ಸುಲಭ. ಅದನ್ನು ನನ್ನ ಹೊಟ್ಟೆಯ ಕೆಳಗೆ, ಬಲಗಡೆ ಇಟ್ಟಿದ್ದಾರೆ. ಹಳೆಯ ಎರಡೂ ಇದ್ದಲ್ಲೇ ಇವೆ, ಕೆಲಸ ಬಿಟ್ಟ ಮುದುಕರ ಹಾಗೆ. ಲೆಕ್ಕಕ್ಕೆ ನನಗೆ ಮೂರು, ಅಕ್ಕನಿಗೆ ಒಂದು. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದ ಮೊದಲ ವಚನವನ್ನು ಸಂಡೇ ಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ನಿಮ್ಮ ದೇಹಗಳನ್ನು ಸಜೀವ ಯಜ್ಞವಾಗಿ ದೇವರಿಗೆ ಒಪ್ಪಿಸಿ, ಇದೇ ಸರಿಯಾದ ಆರಾಧನೆ ಅನ್ನುತ್ತದೆ ಅದು. ಅಕ್ಕನಿಗೆ ಆ ವಚನ ಹೇಳಿದೆ. "ಯಜ್ಞ ಗಿಜ್ಞ ಎಲ್ಲ ಬೇಡ, ಮಾತ್ರೆ ಸರಿಯಾಗಿ ತಗೋ" ಅಂದಳು.

ಮಾತ್ರೆ ಅಂದಾಗ ಒಂದು ವಿಷಯ. ಹೊಸ ಕಿಡ್ನಿಯನ್ನು ದೇಹ ದೂಡದಿರಲಿ ಅಂತ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುತ್ತೇನೆ, ಹನ್ನೆರಡು ಗಂಟೆಗೊಮ್ಮೆ. ಬೆಳಿಗ್ಗೆಯ ಅಲಾರಂ ಸರಿಯಾಗಿ ಆರಾಧನೆಯಲ್ಲಿ ಪಾಪ ಅರಿಕೆಯ ಹೊತ್ತಿಗೆ ಹೊಡೆಯುತ್ತದೆ. ಈ ಮಾತ್ರೆಯಿಂದ ಸೋಂಕು ಬೇಗ ತಗಲುತ್ತದೆ ಅಂತ ಮಾಸ್ಕ್ ಹಾಕಿಕೊಂಡು ಬಾಗಿಲ ಪಕ್ಕದ ಕೊನೇ ಬೆಂಚಿನಲ್ಲಿ ಕೂರುವ ಆಸಾಮಿ ನಾನೇ. ಸಹಿಸಿಕೊಂಡದ್ದಕ್ಕೆ ಥ್ಯಾಂಕ್ಸ್.

ಆಸ್ಪತ್ರೆಗೆ ಜೊತೆ ಬಂದು ನಾಲ್ಕು ಗಂಟೆ ಏನೂ ಮಾತಾಡದೆ ಕೂರುತ್ತಿದ್ದ ಗೆಳೆಯನಿಗೂ ಥ್ಯಾಂಕ್ಸ್. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಸ್ನೇಹಿತರು ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ, ಬಾಯಿ ತೆಗೆದ ಮೇಲೆ ಎಲ್ಲ ಕೆಟ್ಟಿತು. ನನಗೂ ಬಾಯಿ ತೆಗೆದವರು ಸಿಕ್ಕಿದ್ದಾರೆ. ವಿಶ್ವಾಸ ಇದ್ದರೆ ಈ ಮೆಷಿನ್ ಯಾಕೆ ಅಂತ ಕೇಳಿದ ಬೋಧಕರೊಬ್ಬರಿದ್ದರು. ಅವರ ಪ್ರಾರ್ಥನೆ ಬಹಳ ಜೋರಾಗಿತ್ತು, ಮೈಕ್ ಕೂಡ ಚೆನ್ನಾಗಿತ್ತು. ನಿಮ್ಮ ಹಾಡುಗಳ ಗದ್ದಲ ನನ್ನಿಂದ ತೊಲಗಲಿ ಅಂತ ಪ್ರವಾದಿ ಆಮೋಸನ ಪುಸ್ತಕದಲ್ಲಿ ದೇವರೇ ಹೇಳುತ್ತಾನೆ. ನ್ಯಾಯ ನೀರಿನ ಹಾಗೆ ಹರಿಯಲಿ ಅನ್ನುವುದು ಅದರ ಮುಂದಿನ ಮಾತು. ಕ್ವಾಯರಿನವರಾದ ನಾವು ಈ ಭಾಗವನ್ನು ಸ್ವಲ್ಪ ಬೇಗ ದಾಟಿಬಿಡುತ್ತೇವೆ ಅನ್ನಿಸುತ್ತದೆ. ಡ್ರಮ್ಸ್, ಕೀಬೋರ್ಡ್ ಬಗ್ಗೆ ನನ್ನ ತಕರಾರಿಲ್ಲ, ಚೆನ್ನಾಗಿ ನುಡಿಸಿ. ಆದರೆ ಆರಾಧನೆ ಹೇಗಿತ್ತು ಅಂತ ಕೇಳಿದರೆ ಸೌಂಡ್ ಸಿಸ್ಟಮ್ ಬಗ್ಗೆ ಉತ್ತರ ಕೊಡಬೇಡಿ.

ಒಂದೇ ಸಲಕ್ಕೆ ಸೂಜಿ ಚುಚ್ಚುತ್ತಿದ್ದ ಡಯಾಲಿಸಿಸ್ ಟೆಕ್ನಿಷಿಯನ್ ಹುಡುಗ ನಮ್ಮ ಸಭೆಯವನಲ್ಲ, ನಮ್ಮ ಧರ್ಮದವನೂ ಅಲ್ಲ. ಅವನ ಕೆಲಸವನ್ನು ದೇವರು ಯಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ ಅಂತ ಹೇಳಲು ನಾನು ಯಾರು? ನನ್ನ ಪುಸ್ತಕದಲ್ಲಂತೂ ಅವನು ಮೊದಲ ಪುಟದಲ್ಲಿದ್ದಾನೆ.

ಸ್ತೋತ್ರ ಕಾಣಿಕೆಯಲ್ಲಿ ಒಂದು ಪಾಲನ್ನು ಅದೇ ಡಯಾಲಿಸಿಸ್ ಘಟಕಕ್ಕೆ ಬರುವ ಒಬ್ಬರ ಆಟೋ ಖರ್ಚಿಗೆ ಇಟ್ಟಿದ್ದೇವೆ. ಸಭಾಪಾಲಕರು ಒಪ್ಪಿದ್ದಾರೆ. ಆ ರೋಗಿ ಒಬ್ಬರೇ ಇರುವವರು, ಅಡುಗೆಗೂ ಜನ ಬೇಕು. ಕಾಯಿಲೆಯೂ ಅದೇ, ಡಯಟ್ ಚೀಟಿಯೂ ಹೆಚ್ಚುಕಡಿಮೆ ಅದೇ. ಹೆಸರು ಕೊಡುವವರು ನನ್ನ ಹೆಂಡತಿಗೆ ಹೇಳಿ. ಮತ್ತೆ, ಮೂರು ಟಿಫಿನ್ ಕ್ಯಾರಿಯರ್ ಇನ್ನೂ ನಮ್ಮ ಮನೆಯಲ್ಲೇ ಇವೆ. ಒಂದರ ಹಿಡಿ ಸ್ವಲ್ಪ ಸೊಟ್ಟಗಿದೆ. ಯಾರದ್ದು ಅಂತ ಗೊತ್ತಾದರೆ ಬಂದು ತೆಗೆದುಕೊಂಡು ಹೋಗಿ.